ಕಲಂ ಹನ್ನೊಂದು

“ಹಾಗಾದ್ರೆ ನಿಮ್ಮಪ್ಪ ಕೊಲೆಗಾರ ಅನ್ನು! ಬಾಯಿ ಬಿಟ್ಟು ಅನ್ನು, ಬೀದಿಯವರಿಗೂ ಕೇಳಲಿ!”

“ಕೊಲೆಗಾರ ಅಂತ ಎಲ್ಲಿ ಅಂದೆ ಅಪ್ಪ? ಹೊಗೆ ಬಿಡ್ತಿದ್ದೀವಿ ಅಂದೆ ಅಷ್ಟೆ.”

“ಹೊಗೆ ಬಿಡದೆ ಬ್ರೆಡ್ ಹೇಗೆ ಬೇಯುತ್ತೆ? ಬಿಸಿಲಿಗೆ ಹರವಿ ಒಣಗಿಸ್ಲಾ?”

“ಗ್ಯಾಸಲ್ಲಿ ಬೇಯುತ್ತೆ, ಕರೆಂಟಲ್ಲಿ ಬೇಯುತ್ತೆ. ಪ್ರಪಂಚದಲ್ಲಿ ಬೇರೆ ಯಾರೂ ಬ್ರೆಡ್ ತಿನ್ನಲ್ವಾ?”

“ಪ್ರಪಂಚವನ್ನ ನಿನ್ನ ಕಾಲೇಜಲ್ಲಿ ಇಟ್ಕೋ. ಇದು ನನ್ನ ಬೇಕರಿ!”

ಯಜಮಾನನ ಮೊಣಕೈವರೆಗೂ ಮೈದಾ ಮೆತ್ತಿತ್ತು. ಅವನು ಕೈ ಬೀಸಿದಾಗಲೆಲ್ಲ ಅದು ಮಗಳ ದಪ್ಪ ಪುಸ್ತಕದ ಮೇಲೆ ಉದುರುತ್ತಿತ್ತು. ಮಗಳು ಪುಸ್ತಕ ಜಾಡಿಸಿ, ಮತ್ತೆ ತೆರೆದು, ಮತ್ತೆ ಅದೇ ಪುಟ ತೋರಿಸುತ್ತಿದ್ದಳು. ಜಗಳಕ್ಕೆ ಕಾರಣವಾದ ಕಾಗದ ಗಲ್ಲಾಪೆಟ್ಟಿಗೆಯ ಮೇಲೆ ಬಿದ್ದಿತ್ತು. ಸೌದೆ ಉರಿಸುವ ಭಟ್ಟಿಗಳನ್ನೆಲ್ಲ ತೊಂಬತ್ತು ದಿನದೊಳಗೆ ನಿಲ್ಲಿಸಬೇಕೆಂದು ನಗರಸಭೆ ಕಳಿಸಿದ ನೋಟಿಸು ಅದು. ಮಗಳು ಅಂತರರಾಷ್ಟ್ರೀಯ ಪರಿಸರ ಕಾನೂನು ಓದುತ್ತಿದ್ದಾಳೆ, ಮನೆಗೊಬ್ಬ ವಕೀಲೆ ಇದ್ದಾಳೆ, ನೋಟಿಸಿಗೆ ಮುಖಕ್ಕೆ ಹೊಡೆದ ಹಾಗೆ ಉತ್ತರ ಬರೆಯುತ್ತಾಳೆ ಎಂದು ಯಜಮಾನ ಬೆಳಗಿನಿಂದ ಕಾದಿದ್ದ. ಅವಳು ನೋಟಿಸು ಓದಿ, “ಸರಿಯಾಗೇ ಬರೆದಿದ್ದಾರಲ್ಲ” ಅಂದುಬಿಟ್ಟಳು.

“ಸ್ವಲ್ಪ ಪಕ್ಕಕ್ಕೆ ಸರೀರಿ. ಬನ್ನು ಕರಕಾಗ್ತದೆ.”

ಹೀಗಂದವನು ಯಜಮಾನನ ತಮ್ಮ. ಬೀದಿಯವರು ಅವನನ್ನು ಕೆಂಡಪ್ಪ ಎನ್ನುತ್ತಿದ್ದರು. ಉದ್ದ ಹಿಡಿಕೆಯ ಮರದ ಸಲಿಕೆ ಹಿಡಿದು ಅಣ್ಣನಿಗೂ ಮಗಳಿಗೂ ನಡುವೆ ನುಗ್ಗಿ, ಭಟ್ಟಿಯ ಬಾಗಿಲು ತೆಗೆದು, ಬನ್ನಿನ ತಟ್ಟೆಗಳನ್ನು ಒಂದೊಂದಾಗಿ ಎಳೆದ. ಹದಿನಾಲ್ಕನೆಯ ವಯಸ್ಸಿನಿಂದ ಅವನು ಮಾಡಿದ್ದು ಇದೊಂದೇ ಕೆಲಸ. ಈಗ ಐವತ್ತೆರಡು. ಮದುವೆಯಿಲ್ಲ. ಮಲಗುವುದು ಭಟ್ಟಿಯ ಹಿಂದಿನ ಕೋಣೆಯಲ್ಲಿ. ಹುಬ್ಬು ಸುಟ್ಟು ಅರ್ಧವೇ ಉಳಿದಿತ್ತು. ಗಡಿಯಾರ ನೋಡಿದವನಲ್ಲ, ವಾಸನೆ ಹಿಡಿದು ಬ್ರೆಡ್ ತೆಗೆಯುತ್ತಿದ್ದ, ಒಂದು ದಿನವೂ ತಪ್ಪಿದ್ದಿಲ್ಲ.

ಮೂಲೆಯಲ್ಲಿ ರಸ್ಕಿನ ಪೊಟ್ಟಣ ಕಟ್ಟುತ್ತಿದ್ದ ಅಜ್ಜಿ ಆಗ ಒಂದು ಮಾತು ಕೇಳಿದಳು. “ಅಲ್ಲ, ಭಟ್ಟಿ ಆರಿಸಿದ್ರೆ ನನ್ನ ಚಿಕ್ಕಮಗ ಏನು ಮಾಡ್ತಾನೆ?”

ಆ ಮಾತು ಗದ್ದಲದಲ್ಲಿ ಮುಳುಗಿತು. ಜಗಳ ಜೋರಾಗಿತ್ತು.

ಮೂರು ದಿನ ಅಪ್ಪ ಮಗಳಿಗೆ ಮಾತಿಲ್ಲ. ಯಜಮಾನ ಹೆಂಡತಿಯ ಮೂಲಕ ಮಾತಾಡಿದ. “ಉಪ್ಪು ಕೊಡೋಕೆ ಹೇಳು ಭೂಮಿ ಕಾಯೋ ವಕೀಲೆಗೆ.” ಉಪ್ಪಿನ ಡಬ್ಬಿ ಅವನ ಮೊಣಕೈ ಹತ್ತಿರವೇ ಇರುತ್ತಿತ್ತು. ನಾಲ್ಕನೆಯ ದಿನ ಹೆಂಡತಿಗೆ ಸಾಕಾಯಿತು.

“ನಾನೇನು ಟೆಲಿಫೋನಾ? ಇಬ್ಬರೂ ಎದುರಿಗೆ ಕೂತು ಬಗೆಹರಿಸ್ಕೊಳ್ಳಿ. ಇಲ್ಲದಿದ್ರೆ ನಾಳೆಯಿಂದ ಒಲೆ ಹಚ್ಚೋದಿಲ್ಲ. ಹೊಗೆಯೂ ಇಲ್ಲ, ಊಟವೂ ಇಲ್ಲ.”

ಮಗಳಿಗೆ ಇದೇ ಬೇಕಾಗಿತ್ತು. ಅವಳ ಕೊನೆಯ ವರ್ಷದ ಪ್ರಬಂಧದ ವಿಷಯ, ಇಂಧನ ಬದಲಾದಾಗ ಕೆಲಸ ಕಳೆದುಕೊಳ್ಳುವವರಿಗೆ ಹವಾಮಾನ ಒಪ್ಪಂದಗಳು ಏನು ನ್ಯಾಯ ಕೊಡುತ್ತವೆ ಎಂಬುದು. ಗಣಿ ಕೆಲಸದವರು, ಹಡಗಿನಲ್ಲಿ ಕಲ್ಲಿದ್ದಲು ಹೊರುವವರು, ಎಣ್ಣೆ ಬಾವಿಯವರು, ಎಲ್ಲರ ಬಗ್ಗೆಯೂ ಬರೆದಿದ್ದಳು. ಕಾಲೇಜಿನ ಮೇಡಂ ಅದನ್ನು ನೋಡಿ, “ಎಲ್ಲ ಪುಸ್ತಕದಿಂದ ಎತ್ತಿದ್ದು. ನೀನು ಕಣ್ಣಾರೆ ಕಂಡಿದ್ದು ಒಂದು ಅಧ್ಯಾಯ ಇರಲಿ. ಒಂದು ಮಾತುಕತೆ ನಡೆಸಿ ತೋರಿಸು” ಅಂದಿದ್ದರು. ನೋಟಿಸು ಬಂದ ಮನೆಗಿಂತ ಒಳ್ಳೆಯ ಜಾಗ ಎಲ್ಲಿ ಸಿಗುತ್ತದೆ?

ಬುಧವಾರ ಮಧ್ಯಾಹ್ನ ಮೂರು ಗಂಟೆ ಎಂದು ನಿಗದಿಯಾಯಿತು. ಆ ಹೊತ್ತಿಗೆ ಅಂಗಡಿಗೆ ಗಿರಾಕಿ ಬರುವುದಿಲ್ಲ. ಊಟದ ಪಾತ್ರೆ ತೊಳೆದಾಗಿರುತ್ತದೆ. ಅಜ್ಜಿಯ ನಿದ್ದೆ ಮುಗಿದಿರುತ್ತದೆ. “ಎಲ್ಲ ಪಕ್ಷಗಳಿಗೂ ಅನುಕೂಲವಾದ ಸಮಯ” ಎಂದು ಮಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಮೊದಲ ಸಭೆಗೆ ಅವಳು ಹನ್ನೆರಡು ಕಲಮಿನ ಕರಡು ತಂದಳು. ಹಿಟ್ಟು ನಾದುವ ಮೇಜಿನ ಸುತ್ತ ಎಲ್ಲರೂ ಕೂತರು. ಅಧ್ಯಕ್ಷೆಯಾದ ಮಗಳು ಮೇಜು ಬಡಿಯಲು ಲಟ್ಟಣಿಗೆ ಇಟ್ಟುಕೊಂಡಳು.

“ನಿಯಮ ಕೇಳಿ. ಇಲ್ಲಿ ಮತ ಹಾಕೋದಿಲ್ಲ. ಒಮ್ಮತ ಆಗಬೇಕು. ಯಾರದಾದರೂ ಆಕ್ಷೇಪ ಇದೆಯಾ ಅಂತ ಮೂರು ಸಲ ಕೇಳ್ತೀನಿ. ಯಾರೂ ಬಾಯಿ ಬಿಡದಿದ್ರೆ ಎಲ್ಲರೂ ಒಪ್ಪಿದ ಹಾಗೆ. ಒಪ್ಪದ ಮಾತಿಗೆ, ಆಮೇಲೆ ಬಗೆಹರಿಸೋಣ ಅಂತ, ಚೌಕದ ಕಂಸ ಹಾಕಿ ಮುಂದೆ ಹೋಗ್ತೀವಿ. ದೇಶದೇಶದವರು ಕೂತಾಗಲೂ ಹೀಗೇ ಮಾಡೋದು.”

“ಮಾಡಿ ಏನು ಕಿಸಿದಿದ್ದಾರೆ?” ಅಂದ ಯಜಮಾನ.

“ಅದನ್ನ ಬರೆದುಕೊಳ್ಳಲಾ?”

“ಬರ್ಕೋ!”

“ಅಜ್ಜಿ, ನೀವು ವೀಕ್ಷಕರು. ಕೂತು ನೋಡಬಹುದು, ಮಾತಾಡೋ ಹಾಗಿಲ್ಲ.”

ಅಜ್ಜಿ ಪೊಟ್ಟಣ ಕಟ್ಟುವ ದಾರ ಕೆಳಗಿಟ್ಟಳು. “ಏನಂದೆ? ಈ ಭಟ್ಟಿಗೆ ಇಟ್ಟಿಗೆ ಹೊತ್ತವಳು ನಾನು. ನಿಮ್ಮಪ್ಪನಿಗೆ ಇದರ ಬಾಗಿಲಲ್ಲೇ ಹಾಲು ಕುಡಿಸಿದವಳು ನಾನು. ನಾನು ಸುಮ್ನೆ ನೋಡಬೇಕಾ?”

“ಹಾಗಾದ್ರೆ ಪಕ್ಷವೇ ಆಗಿ. ಆದರೆ ಲೆಕ್ಕದ ಪ್ರಕಾರ ಈ ಮನೇಲಿ ಹೆಚ್ಚು ಸೌದೆ ಉರಿಸಿದ್ದು ನಿಮ್ಮ ಕಾಲದಲ್ಲಿ. ಹಿಂದೆ ಮಾಡಿದ ಹೊಗೆಗೆ ಹೆಚ್ಚು ಹೊಣೆ ನಿಮ್ಮದೇ.”

“ಆ ಹೊಗೇಲೇ ನಿಮ್ಮಪ್ಪ ಬೆಳೆದದ್ದು. ಅವನನ್ನೂ ವಾಪಸ್ ಕೊಡಬೇಕಾ?”

“ಕೊಟ್ಬಿಡಿ ಅತ್ತೆ,” ಅಂದಳು ಯಜಮಾನನ ಹೆಂಡತಿ, “ನನಗೇನೂ ಆಕ್ಷೇಪ ಇಲ್ಲ.”

ಕೆಂಡಪ್ಪ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ನಗು ಬಂದು ಹಲ್ಲು ಬಿಟ್ಟ. ಏನೋ ಹೇಳಲು ಬಾಯಿ ತೆರೆದವನು ಮೂಗರಳಿಸಿದ, ಸಲಿಕೆ ಹಿಡಿದು ಒಳಗೆ ಓಡಿದ. ಅವನು ಮುಖ ಒರೆಸಿಕೊಂಡು ಬರುವಷ್ಟರಲ್ಲಿ ಮೂರು ಕಲಮು ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದರು.

“ನನ್ನ ಸುದ್ದಿ ಏನಾಯ್ತು ವಕೀಲಮ್ಮ?”

“ಅದು ಕಲಂ ಹನ್ನೊಂದು ಚಿಕ್ಕಪ್ಪ. ‘ಭಟ್ಟಿ ನೋಡಿಕೊಳ್ಳುವವರ ಮುಂದಿನ ಕೆಲಸ’ ಅಂತಾನೇ ತಲೆಬರಹ ಕೊಟ್ಟಿದ್ದೀನಿ. ನನ್ನ ಪ್ರಬಂಧಕ್ಕೆ ಅದೇ ಜೀವ. ಸಾವಕಾಶವಾಗಿ ಮಾಡೋಣ.”

“ಆಗಲಿ,” ಅಂದ ಕೆಂಡಪ್ಪ. ಅವನ ಚಹಾ ಆರಿತ್ತು.

ವಾರಗಳು ಉರುಳಿದವು. ಪ್ರತಿ ಬುಧವಾರ ಮೂರಕ್ಕೆ ಸಭೆ. ಯಜಮಾನ ಬಹಳ ಬೇಗ ಆಟ ಕಲಿತ. ಅವನೀಗ ತನ್ನನ್ನು ಬಡ ದೇಶವೆಂದು ಕರೆದುಕೊಳ್ಳತೊಡಗಿದ.

“ಹಿಂದಿನ ಬೀದಿಯ ಇಟ್ಟಿಗೆ ಗೂಡಿನವನು ನಮ್ಮ ಹತ್ತು ಪಟ್ಟು ಹೊಗೆ ಬಿಡ್ತಾನೆ. ಶ್ರೀಮಂತ ದೇಶ. ಅವನು ಮೊದಲು ನಿಲ್ಲಿಸಲಿ.”

“ಅವನಿಗೂ ನೋಟಿಸು ಹೋಗಿದೆ ಅಪ್ಪ.”

“ಹಾಗಾದ್ರೆ ಹೊಸ ಓವನ್ನಿಗೆ ಅವನು ದುಡ್ಡು ಕೊಡಲಿ. ಹೊಣೆ ಎಲ್ಲರದೂ, ಪಾಲು ಮಾತ್ರ ಅವರವರ ಶಕ್ತಿಯಂತೆ. ನೀನೇ ಹೇಳಿಕೊಟ್ಟಿದ್ದು.”

ಮಗಳಿಗೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು. ಅದನ್ನು ಬರೆದುಕೊಂಡಳು. ಯಜಮಾನ ಬಾಗಿ ನೋಡಿ, “ನನ್ನ ಹೆಸರು ಹಾಕು” ಅಂದ.

ಕಂಸಗಳಿಂದ ಮನೆ ಕೆಟ್ಟಿತು. ಐದನೆಯ ಕಲಂ ಮನೆಗೆಲಸದ್ದು. ಅದರಲ್ಲಿ ಅಡುಗೆ ಎಂಬ ಮಾತಿಗೆ ಕಂಸ ಬಿತ್ತು. ಅಡುಗೆಯ ಒಲೆಯಲ್ಲೂ ಸೌದೆ ಬೇಡ ಎಂದಳು ಮಗಳು. ಹಾಗಾದರೆ ನನಗೂ ಗ್ಯಾಸು ಬರುವವರೆಗೆ ರಜೆ ಎಂದಳು ತಾಯಿ. ಆ ಗುರುವಾರ ಮಧ್ಯಾಹ್ನ ಊಟಕ್ಕೆ ಕೂತರೆ ತಟ್ಟೆಯಲ್ಲಿ ಹಸಿ ಆಲೂಗಡ್ಡೆ ಇತ್ತು, ಸಿಪ್ಪೆ ಸಮೇತ.

“ಇದೇನೇ ಇದು?”

“ಕಂಸದಲ್ಲಿದೆ,” ಅಂದಳು ಹೆಂಡತಿ. “ಬಗೆಹರಿದ ಮೇಲೆ ಬೇಯಿಸ್ತೀನಿ.”

ಆ ಕಂಸ ಐದು ನಿಮಿಷದಲ್ಲಿ ಬಿಟ್ಟುಹೋಯಿತು. ಮಗಳ ಪ್ರಬಂಧದಲ್ಲಿ ಅದನ್ನು “ಒತ್ತಡದಲ್ಲಿ ಮೂಡಿದ ಒಮ್ಮತ” ಎಂದು ಬರೆಯಲಾಯಿತು.

ಆರನೆಯ ವಾರ ಓವನ್ ಕಂಪನಿಯವನು ಬಂದ. ಟೈ ಕಟ್ಟಿದ್ದ, ಬೂಟು ಹೊಳೆಯುತ್ತಿತ್ತು. ತೋರಿಸುವುದಕ್ಕೆಂದು ವ್ಯಾನಿನಿಂದ ಒಂದು ಗ್ಯಾಸ್ ಓವನ್ ಇಳಿಸಿ, ಗುಂಡಿ ಒತ್ತಿ, “ಇನ್ನು ನೀವು ಕಾಲ ಮೇಲೆ ಕಾಲು ಹಾಕಿ ಕೂರಬಹುದು” ಅಂದ. ಇಪ್ಪತ್ತೈದು ನಿಮಿಷಕ್ಕೆ ಗಂಟೆ ಬಾರಿಸಿತು. ತೆಗೆದರೆ ಬ್ರೆಡ್ಡಿನ ನೆತ್ತಿ ಕಪ್ಪು, ಹೊಟ್ಟೆ ಹಸಿ.

“ನಿಮ್ಮ ಹಿಟ್ಟು ಸರಿಯಿಲ್ಲ,” ಅಂದ ಟೈ.

“ಏಯ್!” ಯಜಮಾನ ತೋಳೇರಿಸಿದ. “ನನ್ನ ಹಿಟ್ಟಿನ ಸುದ್ದಿಗೆ ಬಂದ್ರೆ ನಿನ್ನನ್ನೇ ಒಳಗೆ ಹಾಕಿ ಗುಂಡಿ ಒತ್ತಿಬಿಡ್ತೀನಿ!”

ಕೆಂಡಪ್ಪ ಓವನ್ನಿನ ಸುತ್ತ ಒಂದು ಸುತ್ತು ಬಂದ. ಬಾಗಿಲು ತೆಗೆದು ಅಂಗೈ ಒಳಗಿಟ್ಟು ನೋಡಿದ, ಎಡಗಡೆಗೊಮ್ಮೆ, ಬಲಗಡೆಗೊಮ್ಮೆ. “ಮೇಲಿನ ಉರಿ ಇಳಿಸಿ. ಕೆಳಗೊಂದು ತಟ್ಟೇಲಿ ನೀರಿಡಿ. ಮೂಲೆಗೆ ಕಾವು ಜಾಸ್ತಿ, ಅರ್ಧದಲ್ಲಿ ತಟ್ಟೆ ತಿರುಗಿಸಬೇಕು.” ಎರಡನೆಯ ಸಲ ಬ್ರೆಡ್ ಹೊನ್ನಿನ ಬಣ್ಣಕ್ಕೆ ಬಂತು. ಗಂಟೆ ಬಾರಿಸುವ ಮೊದಲೇ ಕೆಂಡಪ್ಪ ಅದನ್ನು ಹೊರಗೆಳೆದಿದ್ದ. ಟೈಯವನು ಬೆರಳಿಂದ ಒತ್ತಿ ನೋಡಿದ, ಮುರಿದು ತಿಂದ, ಇನ್ನೊಂದು ತುಂಡು ತಿಂದ. ಯಜಮಾನ ಆ ಹೊತ್ತಿಗೆ ಬೆಲೆ ಚೌಕಾಸಿಗೆ ಇಳಿದಿದ್ದ. ಮಗಳು ಓವನ್ನಿನ ಹೊಗೆಯ ಪ್ರಮಾಣ ಕೇಳುತ್ತಿದ್ದಳು. ಹೋಗುವಾಗ ಟೈಯವನು ಕೆಂಡಪ್ಪನ ಕೈಗೊಂದು ಚೀಟಿ ಕೊಟ್ಟದ್ದನ್ನು ಯಜಮಾನನ ಹೆಂಡತಿ ಮಾತ್ರ ಕಂಡಳು. ಬಿಲ್ಲು ಇರಬೇಕು ಅಂದುಕೊಂಡಳು.

ಗುರುವಾರ ಬೇಕರಿಗೆ ವಾರದ ರಜೆ. ಅದುವರೆಗೆ ಕೆಂಡಪ್ಪ ರಜೆಯ ದಿನ ಬೆಳಿಗ್ಗೆ ಬೂದಿ ತೆಗೆದು, ಸಂಜೆಗೆ ಮತ್ತೆ ಕೆಂಡ ಕೂಡಿಸುತ್ತಿದ್ದ. ನಡುವೆ ನಿದ್ದೆ ಮಾಡುತ್ತಿದ್ದ. ಈಗ ಬೂದಿ ತೆಗೆದವನೇ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಹೊರಡತೊಡಗಿದ. ಸಂಜೆ ಬರುತ್ತಿದ್ದ.

“ಹೆಣ್ಣು!” ಅಂದಳು ಅಜ್ಜಿ. ಅವಳ ಮುಖ ಅರಳಿತ್ತು. “ಐವತ್ತೆರಡಕ್ಕಾದ್ರೂ ಬುದ್ಧಿ ಬಂತು.”

“ಅಂಗೀಲಿ ಹೊಗೆ ವಾಸನೆಯೇ ಇಲ್ಲ ಅತ್ತೆ. ಯಾವುದೋ ಅಚ್ಚುಕಟ್ಟಾದ ಮನೆಗೇ ಹೋಗ್ತಾನೆ.”

“ವಿಧವೆಯಾದ್ರೂ ಪರವಾಗಿಲ್ಲ. ಮಕ್ಕಳಿದ್ರೂ ಪರವಾಗಿಲ್ಲ.”

“ಹೋಗಿ ಅವನನ್ನೇ ಕೇಳಿ,” ಅಂದ ಯಜಮಾನ.

“ಹೆದರಿ ಬಿಟ್ಟುಬಿಟ್ಟಾನು. ಯಾರೂ ಕೇಳಬೇಡಿ!”

ಯಾರೂ ಕೇಳಲಿಲ್ಲ. ಅಜ್ಜಿ ಮಾತ್ರ ಗುರುವಾರ ಬೆಳಿಗ್ಗೆ ಅವನ ಅಂಗಿಗೆ ಗುಂಡಿ ಹೊಲಿದು ಕೊಡತೊಡಗಿದಳು. ಅವನು, “ಇದೇನಮ್ಮ ಹೊಸದು?” ಅಂದರೆ, “ಹೋಗು ಹೋಗು, ಹೊತ್ತಾಗುತ್ತೆ” ಎನ್ನುತ್ತಿದ್ದಳು.

ಕಲಂ ಹನ್ನೊಂದು ಸಭೆಯಿಂದ ಸಭೆಗೆ ಮುಂದೆ ಹೋಯಿತು. ಒಮ್ಮೆ ಈಸ್ಟ್ ಮಾರುವವನು ಬಂದ. ಒಮ್ಮೆ ಯಜಮಾನನಿಗೆ ಹಲ್ಲುನೋವು. ಒಮ್ಮೆ ಇಡೀ ಸಭೆ “ಆದಷ್ಟು ಬೇಗ” ಎಂದು ಬರೆಯಬೇಕೋ “ಸಾಧ್ಯವಾದಾಗ” ಎಂದು ಬರೆಯಬೇಕೋ ಎಂಬುದರಲ್ಲೇ ಮುಗಿಯಿತು. ಕೆಂಡಪ್ಪ ಪ್ರತಿ ಸಲ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ. ಪ್ರತಿ ಸಲ ಮೂಗು ಅವನನ್ನು ಒಳಗೆ ಎಳೆದುಕೊಂಡು ಹೋಗುತ್ತಿತ್ತು.

ಒಂದು ದಿನ ಅವನು ಬೆಳಿಗ್ಗೆಯೇ ಮಗಳ ಕೋಣೆಗೆ ಬಂದ. “ವಕೀಲಮ್ಮ, ಆ ಹನ್ನೊಂದರ ಬಗ್ಗೆ ಒಂದು ಮಾತು...”

“ಅಯ್ಯೋ ಚಿಕ್ಕಪ್ಪ, ಬಿಡಿಬಿಡಿಯಾಗಿ ಮಾತಾಡೋ ಹಾಗಿಲ್ಲ. ಎಲ್ಲ ಸಭೆಯಲ್ಲೇ ಆಗಬೇಕು. ಇಲ್ಲದಿದ್ರೆ ನಾಳೆ ಅಪ್ಪ ನಾನು ಪಕ್ಷಪಾತ ಮಾಡಿದೆ ಅಂತಾರೆ. ಬುಧವಾರ ಹೇಳಿ.”

“ಬುಧವಾರ,” ಅಂದ ಕೆಂಡಪ್ಪ. ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದ.

ಹನ್ನೆರಡನೆಯ ವಾರ. ಭಾನುವಾರ ಭಟ್ಟಿ ಆರಬೇಕು. ಪ್ರಬಂಧ ಒಪ್ಪಿಸಲು ಶುಕ್ರವಾರ ಕೊನೆಯ ದಿನ. ಬುಧವಾರದ ಸಭೆಯಲ್ಲಿ ಮಗಳು ಉಸಿರು ಬಿಡದೆ ಓದಿದಳು. ಓವನ್ ಗ್ಯಾಸಿನದು, ಒಪ್ಪಿಗೆ. ಸಾಲದ ಅರ್ಜಿ ಯಜಮಾನನ ಹೆಸರಲ್ಲಿ, ಒಪ್ಪಿಗೆ. ಅಡುಗೆಮನೆಗೂ ಗ್ಯಾಸು, ತಾಯಿಯ ಕಡೆಯಿಂದ ಎರಡು ಸಲ ಒಪ್ಪಿಗೆ.

“ಕಲಂ ಹನ್ನೊಂದು. ‘ಭಟ್ಟಿ ನೋಡಿಕೊಳ್ಳುವವರನ್ನು ಇತರ ಸೂಕ್ತ ಕೆಲಸಗಳಲ್ಲಿ ತೊಡಗಿಸಲಾಗುವುದು.’ ಸೂಕ್ತ ಕೆಲಸ ಯಾವುದು ಅಂತ ಹೇಳಿ, ಬೇಗ.”

“ಸೈಕಲ್ ಮೇಲೆ ಹೋಟೆಲುಗಳಿಗೆ ಬ್ರೆಡ್ ಹಾಕಲಿ,” ಅಂದ ಯಜಮಾನ.

“ತಟ್ಟೆ ತೊಳೆಯೋಕೂ ಒಂದು ಕೈ ಬೇಕು,” ಅಂದಳು ಹೆಂಡತಿ.

“ಮದುವೆ ಮಾಡ್ಕೊಳ್ಳಲಿ,” ಅಂದಳು ಅಜ್ಜಿ.

“ಅದು ಕಲಮಿಗೆ ಬರಲ್ಲ ಅಜ್ಜಿ. ಆಕ್ಷೇಪ ಇದೆಯಾ? ಆಕ್ಷೇಪ ಇದೆಯಾ? ಆಕ್ಷೇಪ ಇದೆಯಾ?”

ಭಟ್ಟಿಯ ಬಾಗಿಲು ತೆರೆದ ಸದ್ದು ಒಳಗಿನಿಂದ ಬಂತು. ಮಗಳು ಲಟ್ಟಣಿಗೆ ಬಡಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಜಮಾನ ಮಗಳ ತಲೆ ಸವರಿದ; ತೊಂಬತ್ತು ದಿನದಲ್ಲಿ ಅದೇ ಮೊದಲು. “ಇಡೀ ಪ್ರಪಂಚದ ಕೈಲಾಗದ್ದನ್ನ ನಾವು ಮಾಡಿದ್ವಿ ನೋಡು!”

ಮರುದಿನ ಗುರುವಾರ ಬೆಳಿಗ್ಗೆ, ಕೆಂಡಪ್ಪ ಹೊರಡುವ ಮೊದಲೇ ಸಹಿಗೆ ಕರೆದರು. ಅವನು ಒಗೆದ ಅಂಗಿಯಲ್ಲಿ ಬಂದು ಕೂತ. ನಾಲ್ಕನೇ ಕ್ಲಾಸಿನವರೆಗೆ ಓದಿದವನು; ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ. ಹನ್ನೊಂದರ ಹತ್ತಿರ ಬೆರಳು ನಿಂತಿತು.

“ಇದು ಯಾವಾಗ ಒಪ್ಪಿದ್ದು?”

“ನಿನ್ನೆ ಚಿಕ್ಕಪ್ಪ. ಮೂರೂವರೆಗೆ.”

“ಮೂರೂವರೆಗೆ ನಾನೆಲ್ಲಿದ್ದೆ?”

ಯಜಮಾನನ ಹೆಂಡತಿ ಮೊದಲು ತಲೆ ತಗ್ಗಿಸಿದಳು.

“ಮೂರಕ್ಕೆ ಬ್ರೆಡ್ ಒಳಗೆ ಹೋಗ್ತದೆ. ನಾಲ್ಕಕ್ಕೆ ಹೊರಗೆ ಬರ್ತದೆ. ಮೂವತ್ತೆಂಟು ವರ್ಷದಿಂದ ಹಾಗೇ. ಬೀದಿ ನಾಯಿಗೂ ಗೊತ್ತು, ನಾಲ್ಕಕ್ಕೆ ಸರಿಯಾಗಿ ಬಾಗಿಲಿಗೆ ಬರ್ತದೆ. ನಿಮಗೆ ಹನ್ನೆರಡು ಬುಧವಾರ ಗೊತ್ತಾಗಲಿಲ್ವಾ?”

“ನೀವು ಆಕ್ಷೇಪ ಹೇಳಲಿಲ್ಲವಲ್ಲ ಚಿಕ್ಕಪ್ಪ,” ಮಗಳ ದನಿ ಸಣ್ಣಗಾಗಿತ್ತು. “ನಿಯಮದ ಪ್ರಕಾರ, ಸುಮ್ಮನಿದ್ರೆ...”

“ಸುಮ್ಮನೆ ಎಲ್ಲಿದ್ದೆ? ಕೆಲಸ ಮಾಡ್ತಿದ್ದೆ ಕಣಮ್ಮ.”

“ಈಗೇನಾಯ್ತೋ?” ಯಜಮಾನ ಗದರಿದ. “ಕೆಲಸ ಕೊಡಲ್ಲ ಅಂದ್ವಾ? ಸೈಕಲ್ ತುಳಿ, ಊಟ ಮಾಡು, ಮಲಗು. ಗ್ಯಾಸಿನ ಕೆಲಸ ನಿನಗೆಲ್ಲಿ ಬರ್ತದೆ?”

“ಆರು ಗುರುವಾರ ಅದನ್ನೇ ಮಾಡಿದ್ದೀನಿ. ಕಂಪನಿಯವರ ಅಂಗಡೀಲಿ.”

“ಹೆಣ್ಣಲ್ವಾ?” ಅಂದಳು ಅಜ್ಜಿ.

“ಯಾವ ಹೆಣ್ಣಮ್ಮ?”

“ಮತ್ತೆ ಹೇಳೋಕೆ ನಿನಗೇನು ರೋಗ?” ಯಜಮಾನ ಎದ್ದು ನಿಂತ.

“ಕೇಳಿದ್ರೆ ಹೇಳ್ತಿದ್ದೆ. ನೀವು ಇಟ್ಟಿಗೆ ಗೂಡಿನವನ ಬಗ್ಗೆ ಕೇಳಿದ್ರಿ, ಸೌದೆ ಬಗ್ಗೆ ಕೇಳಿದ್ರಿ. ಈ ಮಗು ಎಲ್ಲೋ ಗಣೀಲಿ ಇರೋರ ಬಗ್ಗೆ ಪುಸ್ತಕದಲ್ಲಿ ಹುಡುಕಿ ಬರೀತು. ನಾನು ಗೋಡೆ ಆಚೆ ಇದ್ದೆ.” ಅವನ ದನಿ ಏರಿರಲಿಲ್ಲ. “ಹೊಸ ಓವನ್ ತಗೊಂಡೋರಿಗೆ ಹೇಳಿಕೊಡೋಕೆ ಕಂಪನಿಯವರು ಕರೀತಿದ್ದಾರೆ. ಆಗಲಿ ಅಂತ ಇನ್ನೂ ಹೇಳಿರಲಿಲ್ಲ. ಇಲ್ಲೇ ಇರೋಣ, ಹೊಸದನ್ನ ನಾನೇ ನೋಡಿಕೊಳ್ಳೋಣ ಅಂತಿದ್ದೆ.”

“ಚಿಕ್ಕಪ್ಪ, ಹನ್ನೊಂದನ್ನ ಮತ್ತೆ ತೆರೀತೀನಿ. ಈಗಲೇ. ಒಂದು ನಿಮಿಷ ಕೂತ್ಕೊಳ್ಳಿ.”

“ನಾಳೆ ನೀನು ಪುಸ್ತಕ ಕೊಡಬೇಕಲ್ಲಮ್ಮ. ಹೊತ್ತು ಮಾಡ್ಕೋಬೇಡ.”

ಅವನು ಭಟ್ಟಿಯ ಹಿಂದಿನ ಕೋಣೆಗೆ ಹೋಗಿ ಒಂದು ಚೀಲ ತಂದ. ಅಜ್ಜಿಯ ಕಾಲು ಮುಟ್ಟಿದ. ಅತ್ತಿಗೆಗೆ, “ಕೆಂಡ ಸಂಜೆಗೆ ತಾನೇ ಆರ್ತದೆ, ನೀರು ಹಾಕಬೇಡಿ, ಇಟ್ಟಿಗೆ ಸೀಳ್ತದೆ” ಅಂದ. ಯಜಮಾನ, “ಹೋದ್ರೆ ಹೋಗು! ಹೊಟ್ಟೆ ಹಸಿದ್ರೆ ತಾನಾಗೇ ಬರ್ತೀಯ!” ಎಂದು ಬೀದಿಗೆ ಕೇಳುವ ಹಾಗೆ ಕೂಗಿದ. ಕೆಂಡಪ್ಪ ಮೆಟ್ಟಿಲಿಳಿದು, ಎಡಕ್ಕೆ ತಿರುಗಿ, ನಡೆದ.

ಆ ದಿನ ಊಟಕ್ಕೆ ಅವನ ತಟ್ಟೆ ಹಾಕಿದರು. ಮರುದಿನವೂ ಹಾಕಿದರು. ಅದರ ಮರುದಿನ ಯಜಮಾನನೇ ತಟ್ಟೆ ಎತ್ತಿಟ್ಟು, ಯಾರಿಗೂ ಕಾಣದ ಹಾಗೆ ಕಣ್ಣೊರೆಸಿಕೊಂಡು, ಈರುಳ್ಳಿಯನ್ನು ಬೈದ. ಆವತ್ತಿನ ಅಡುಗೆಗೆ ಈರುಳ್ಳಿ ಹಾಕಿರಲಿಲ್ಲ.

ಮಗಳು ಪ್ರಬಂಧದಲ್ಲಿ “ಎಲ್ಲ ಪಕ್ಷಗಳ ಒಮ್ಮತದಿಂದ” ಎಂದಿದ್ದುದನ್ನು ಹೊಡೆದು “ಒಬ್ಬರನ್ನು ಬಿಟ್ಟು ಉಳಿದವರ ಒಮ್ಮತದಿಂದ” ಎಂದು ಬರೆದು ಒಪ್ಪಿಸಿದಳು. ಅದು ವಾಪಸು ಬಂದಾಗ ಅಂಚಿನಲ್ಲಿ ಮೇಡಂ ಕೆಂಪು ಶಾಯಿಯಲ್ಲಿ ಕೇಳಿದ್ದರು: “ಆ ಒಬ್ಬರು ಯಾರು? ಮುಖ್ಯರೇ?”

ಹೊಸ ಓವನ್ ಬಂದು ಕೂತಿತು. ಎರಡು ವಾರ ಯಜಮಾನ ನೆತ್ತಿ ಕಪ್ಪು ಹೊಟ್ಟೆ ಹಸಿ ಬ್ರೆಡ್ ಸುಟ್ಟ. ಹೋಟೆಲಿನವರು ವಾಪಸು ಕಳಿಸಿದರು. ಕೊನೆಗೆ ಸೋತು ಕಂಪನಿಗೆ ಫೋನ್ ಮಾಡಿ ಕಿವಿಯಿಂದ ದೂರ ಹಿಡಿದ, ಎಲ್ಲರಿಗೂ ಕೇಳಲಿ ಎಂದು.

“ಕಲಿಸೋಕೆ ಒಬ್ಬರನ್ನ ಕಳಿಸಿ. ಹುಬ್ಬು ಸುಟ್ಟೋನು ಒಬ್ಬ ಇದ್ದಾನಲ್ಲ, ಅವನನ್ನೇ.”

“ಅವರಾ? ಅವರು ಎಲ್ಲಿಗೆ ಬೇಕಾದ್ರೂ ಹೋಗ್ತಾರೆ ಸಾರ್, ನಿಮ್ಮ ಬೀದಿಗೆ ಮಾತ್ರ ಬರೋದಿಲ್ಲ. ಸೇರುವಾಗಲೇ ಹಾಗಂತ ಕಾಗದದಲ್ಲಿ ಬರೆಸಿಕೊಂಡಿದ್ದಾರೆ. ಸಂಬಳದ್ದೂ ಕೇಳಲಿಲ್ಲ, ಅದೊಂದೇ ಕೇಳಿದ್ದು.”

ಮಗಳು ಫೋನ್ ಕಿತ್ತುಕೊಂಡಳು. “ಅದಕ್ಕೆ ಯಾರ್ಯಾರು ಸಹಿ ಹಾಕಿದ್ದಾರೆ?”

“ಅವರೂ, ನಮ್ಮ ಮ್ಯಾನೇಜರೂ. ಎದುರುಬದುರು ಕೂತು ಹಾಕಿದ್ದು ಮೇಡಂ.”